ಎಡಗಡೆಯದು ಮೊದಲು

ಬಳ್ಳಾರಿ ಕೌಲ್ ಬಜಾರಿನ ಶೆಡ್ಡಿನಲ್ಲಿ
ನಾನು ಜಿಪ್ಪು ಹೊಲಿಯುವವಳು.
ಪ್ಯಾಂಟಿಗೊಂದು ಜಿಪ್ಪು, ಜಿಪ್ಪಿಗೆ ನಾಲ್ಕು ರೂಪಾಯಿ.
ಕಾಲು, ಜೇಬು, ಪಟ್ಟಿ ಬೇರೆಯವರ ಕೈಯವು;
ಇಡೀ ಪ್ಯಾಂಟು ಹೇಗಿರುತ್ತದೆಂದು ನಾನು ನೋಡುವುದು
ರಸ್ತೆಯಲ್ಲಿ ಯಾರಾದರೂ ತೊಟ್ಟು ನಡೆದಾಗ.

ದೀಪಾವಳಿಗೆ ಸೇಟು ಕೊಟ್ಟದ್ದು
ಪೇಡೆಯ ಡಬ್ಬಿ, ಅರ್ಧ ಬೋನಸ್ಸು,
ಉಳಿದರ್ಧಕ್ಕೆ ಅವರ ನಾಯಿ ಹಾಕಿದ ಒಂಬತ್ತರಲ್ಲೊಂದು ಮರಿ.
'ಜಾತಿ ನಾಯಿ ಸುಂಕಮ್ಮ, ಹೊರಗೆ ತಗಂಡ್ರೆ ಇಪ್ಪತ್ತು ಸಾವ್ರ.'
ಬಕಲ್ ಎಂದು ಕರೆದೆವು,
ಹಿತ್ತಾಳೆ ಬಣ್ಣಕ್ಕೆ.

ಆರನೇ ತಿಂಗಳಿಗೆ ಅದು
ಹಿಂಗಾಲೆರಡನ್ನೂ ಒಟ್ಟಿಗೆ ಎತ್ತಿ
ಮೊಲದ ಹಾಗೆ ಜಿಗಿಯತೊಡಗಿತು.
ನಕ್ಕೆವು.
ಮಗ ಫೋನಿನಲ್ಲಿ ಹಿಡಿದ, ಹಾಡು ಹಚ್ಚಿ ಕಳಿಸಿದ.
ಸೊಂಟ ಕುಣಿಸೋ ನಾಯಿ ನೋಡಲು ಗಲ್ಲಿ ಬಂತು,
ಬಿಸ್ಕತ್ತು ಎಸೆಯಿತು.
ನಗು ಕೇಳಿದರೆ ಸಾಕು,
ಮತ್ತೊಮ್ಮೆ ಜಿಗಿಯುತ್ತಿತ್ತು.

ಆ ವಿಡಿಯೋ ಇನ್ನೂ ಇದೆ.
ಅಳಿಸಲು ಬೆರಳು ಬರುವುದಿಲ್ಲ, ನೋಡಲು ಕಣ್ಣು.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು.
ಬಟ್ಟಲೊಳಗೆ ಕೂರಬೇಕಾದ ಎಲುಬಿನ ಗುಂಡು
ಅಂಚಿಗೆ ತಗುಲಿಕೊಂಡು ಕೂತಿತ್ತು,
ಮೂವರ ಸೀಟಿನಲ್ಲಿ ನಾಲ್ಕನೆಯವನಂತೆ.
ಎರಡೂ ಕಡೆ. ಹುಟ್ಟಿನಿಂದ.
'ಹೊಸ ಕೀಲು ಹಾಕಿಸಿದ್ರೆ ಲಕ್ಷಗಳ ಮಾತು.
ಇಲ್ಲಾಂದ್ರೆ ಆ ಗುಂಡು ಕತ್ತರಿಸಿ ತೆಗೆಯೋದು,
ಒಂದು ಕಡೆಗೆ ನಲವತ್ತು ಸಾವಿರ.'
ಕೀಲೇ ಇಲ್ಲದೆ ಕಾಲು ಹೇಗೆ ನಿಲ್ಲುತ್ತದೆ ಎಂದೆ.
'ಮಾಂಸ ಹಿಡ್ಕೊಳ್ಳುತ್ತೆ, ಕಲಿಸಬೇಕು.'

ನಲವತ್ತು ಸಾವಿರ ಅಂದರೆ ಹತ್ತು ಸಾವಿರ ಜಿಪ್ಪು.
ಕರೆಂಟು ಹೋಗದಿದ್ದರೆ, ಉಣ್ಣದಿದ್ದರೆ, ಬಾಡಿಗೆ ಕಟ್ಟದಿದ್ದರೆ
ಅರವತ್ತೇಳು ದಿನ.

ಸೇಟು ಒಳ್ಳೆಯ ಮನಸ್ಸಿನಿಂದಲೇ ಅಂದರು:
'ಅದನ್ನ ಎಲ್ಲಾದರೂ ಬಿಟ್ಟು ಬಾ, ಬೇರೆ ಮರಿ ಕೊಡ್ತೀನಿ.'
ಶೆಡ್ಡಿನ ಮೂಲೆಯಲ್ಲಿ ರಿಜೆಕ್ಟಾದ ಪ್ಯಾಂಟುಗಳ ಗುಡ್ಡೆ ಇತ್ತು.
ನಾನು ಆ ಕಡೆ ನೋಡಲಿಲ್ಲ.

ಮನೆಯಲ್ಲಿ ಅತ್ತೆ
ತನ್ನ ಮೊಣಕಾಲಿನ ಎಣ್ಣೆಯನ್ನೇ ನಾಯಿಗೆ ತಿಕ್ಕುತ್ತಿದ್ದಳು.
ಮೂರು ವರ್ಷದ ಹಿಂದೆ ದೊಡ್ಡಾಸ್ಪತ್ರೆಯಲ್ಲಿ
ಆಪರೇಷನ್ ಎಂಬ ಮಾತು ಬರುತ್ತಲೂ ಎದ್ದು ಬಂದಿದ್ದಳು.
ಆಗ ನಾನು
ಒಂದು ಜಿಪ್ಪನ್ನೂ ಎಣಿಸಿರಲಿಲ್ಲ.
ಈಗ ಅವಳೆದುರು ಬೆರಳು ಮಡಿಸುತ್ತ ಕೂತೆ.
'ನಂದು ಸವೆದೈತವ್ವ, ದುಡಿದು.
ಇದು ಇನ್ನಾ ಓಡೇ ಇಲ್ಲಲ್ಲ,' ಅಂದಳು,
ಕೈ ಒರೆಸಿಕೊಳ್ಳುತ್ತ.
ಕ್ಷಮೆಯೋ ಲೆಕ್ಕವೋ, ಇವತ್ತಿಗೂ ತಿಳಿದಿಲ್ಲ.

ಚೀಟಿ ಕೂಗಿದೆ, ಎಂಟು ಸಾವಿರ ಬಿಟ್ಟುಕೊಟ್ಟು.

ಭಾನುವಾರ ಹುಬ್ಬಳ್ಳಿಯಿಂದ ಸರ್ಜನ್ ಬಂದರು.
ಎಡಗಡೆಯದು ಮೊದಲು, ಅದೇ ಹೆಚ್ಚು ಕೆಟ್ಟದ್ದು.
ಹದಿನಾಲ್ಕು ಹೊಲಿಗೆ. ಅಂತರ ಸಮ ಇಲ್ಲ.
ನಮ್ಮ ಮಾಸ್ಟರಾಗಿದ್ದರೆ ಬಿಚ್ಚಿ ಹಾಕಿಸುತ್ತಿದ್ದ.
ಬೋಳಿಸಿದ ತೊಡೆ ಕೋಳಿಯದರಷ್ಟು ಸಣ್ಣದಿತ್ತು.

ಆ ಗುಡ್ಡೆಯಿಂದಲೇ ಒಂದು ಪ್ಯಾಂಟು ಕೇಳಿ ತಂದೆ,
ಕಾಲು ಕತ್ತರಿಸಿ, ಎರಡು ಹಿಡಿಕೆ ಕೂಡಿಸಿ
ಹೊಟ್ಟೆಯಡಿಗೆ ಜೋಲಿ ಹೊಲಿದೆ.
ಮೊದಲಿನಿಂದ ಕೊನೆಯವರೆಗೂ
ನಾನೊಬ್ಬಳೇ ಹೊಲಿದ ಮೊದಲ ವಸ್ತು ಅದು.
ಜಿಪ್ಪು ಬೇಕಿರಲಿಲ್ಲ.

ಬೆಳಗಿನ ಐದಕ್ಕೆ, ಬಂಡೆಗುಡ್ಡ ಕಾಯುವ ಮೊದಲು,
ಜೋಲಿ ಹಿಡಿದು ನಾನು, ಗೋಡೆ ಹಿಡಿದು ಅತ್ತೆ,
ನಲ್ಲಿ ಕಟ್ಟೆಯವರೆಗೆ ಹೋಗಿ ಬರುತ್ತೇವೆ.
'ನಾಯಿಗೆ ಅಷ್ಟಾ?' ಅಂದವರು ಕೊಡ ಸರಿಸುತ್ತಾರೆ.
ಬಲಗಡೆಯದು ಬಾಕಿ ಇದೆ.
ಚಳಿಗಾಲಕ್ಕೆ ಮಾಡೋಣ ಅಂದಿದ್ದಾರೆ ಡಾಕ್ಟರು.
ಯಾವ ವರ್ಷದ್ದೆಂದು ನಾನು ಕೇಳಲಿಲ್ಲ.

ನಿನ್ನೆ ಬೆಕ್ಕೊಂದು ಅಡ್ಡ ಹಾಯಿತು.
ಜೋಲಿ ಕೈ ಜಾರಿತು.
ಬಕಲ್ ಒಂದು ಕಾಲು ಊರಿ, ಇನ್ನೊಂದೂ ಊರಿ
ನಾಲ್ಕೇ ಹೆಜ್ಜೆ, ಬೇರೆ ಬೇರೆ,
ಓಡಿ
ನಿಂತು
ತಿರುಗಿ ನೋಡಿತು.

ನಾವು ನಗುತ್ತೇವೆಂದು
ಕಾಯುತ್ತಿತ್ತು.